ಆರನೆಯ ಮನೆಯ ಹೂಂ

ಜುಲೈ ೮, ಮಂಗಳವಾರ

ಇವತ್ತು ನಿದ್ದೆ ಬರುವುದಿಲ್ಲ. ಭಯಕ್ಕಲ್ಲ, ಸಿಟ್ಟಿಗೆ.

ಬೆಳಿಗ್ಗೆ ಒಂಬತ್ತು ನಲವತ್ತೆರಡಕ್ಕೆ ಅಣೆಕಟ್ಟಿನ ಎರಡು ಗೇಟು ತೆರೆದರು. ಆರನೇ ಕಾವಲು ಮನೆಯ ಕೆಳಗೆ ಹೊಳೆಯಲ್ಲಿ ಕಂಬಳಿ ಒಗೆಯುತ್ತಿದ್ದ ಹೆಂಗಸೊಬ್ಬಳನ್ನು ನೀರು ಎಳೆದುಕೊಂಡು ಹೋಯಿತು. ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡಿದ್ದರಿಂದ ಬದುಕಿದ್ದಾಳೆ, ಸೊಂಟ ಮುರಿದಿದೆ. ಆರನೇ ಮನೆಯ ಸೈರನ್ ಕೂಗಲೇ ಇಲ್ಲವಂತೆ. ಹನ್ನೊಂದು ಗಂಟೆಗೆಲ್ಲ ಕಂಟ್ರೋಲ್ ರೂಮಿನಿಂದ ನಮ್ಮ ಆಫೀಸಿಗೆ ಫೋನು: ನಿಮ್ಮ ಪ್ರೋಗ್ರಾಂ ಕೈಕೊಟ್ಟಿದೆ.

ನನ್ನ ಪ್ರೋಗ್ರಾಂ. ಮೂರು ವರ್ಷ ಕೂತು ಒಂದೊಂದು ಸಾಲನ್ನೂ ನಾನೇ ಬರೆದದ್ದು. ಬೇರೆ ಯಾರಿಗೂ ಕೇಳುವ ತಾಳ್ಮೆಯಿಲ್ಲ, ಈ ಪುಸ್ತಕಕ್ಕಾದರೂ ಹೇಳುತ್ತೇನೆ. ಕಂಟ್ರೋಲ್ ರೂಮಿನಲ್ಲಿ ಒಂದು ಸರ್ವರ್ ಇದೆ. ಹೊಳೆಯುದ್ದಕ್ಕೂ ಏಳು ಕಾವಲು ಮನೆಗಳು; ಪ್ರತಿಯೊಂದರಲ್ಲೂ ಒಂದು ಪುಟ್ಟ ಪೆಟ್ಟಿಗೆ, ಪೆಟ್ಟಿಗೆಗೆ ಒಂದು ಸೈರನ್. ಆ ಸರ್ವರ್‌ಗೂ ಈ ಏಳಕ್ಕೂ ನಡುವಿನ ದಾರಿ ಹಗಲಿರುಳು ತೆರೆದೇ ಇರುತ್ತದೆ, ಯಾರೂ ಯಾರ ಕದವನ್ನೂ ತಟ್ಟಿ ಕಾಯಬೇಕಿಲ್ಲ. ಗೇಟು ಅಲುಗಿದ ಕ್ಷಣವೇ ಸರ್ವರ್ ಏಳಕ್ಕೂ ಒಟ್ಟಿಗೆ ಹೇಳುತ್ತದೆ, ನೀರು ಬರುತ್ತಿದೆ ಎಂದು. ಪೆಟ್ಟಿಗೆ ಸೈರನ್ ಕೂಗಿಸಿ ತಿರುಗಿ ಒಂದು ಮಾತು ಕಳಿಸಬೇಕು. ಆ ಮಾತಿಗೆ ನಾನಿಟ್ಟ ಹೆಸರು 'ಹೂಂ'. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಮಕ್ಕಳು ನಿದ್ದೆ ಹೋದರೆಂದು ತಿಳಿದು ಅಜ್ಜಿ ರಾಜಕುಮಾರನನ್ನು ಕಾಡಿನ ಮಧ್ಯದಲ್ಲೇ ಬಿಟ್ಟು ಎದ್ದುಬಿಡುತ್ತಿದ್ದಳು. ಇಲ್ಲಿ ಹೂಂ ಬಂದರೆ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಆ ಮನೆಯ ದೀಪ ಹಸಿರಾಗುತ್ತದೆ. ಬರದಿದ್ದರೆ ಹಳದಿಯಾಗಿಯೇ ಉಳಿಯುತ್ತದೆ.

ಇವತ್ತು ಏಳೂ ಹಸಿರು. ದಾಖಲೆ ನನ್ನ ಮುಂದಿದೆ. ಆರನೆಯದರ ಹೂಂ ಒಂದೇ ಸೆಕೆಂಡಿನಲ್ಲಿ ಬಂದಿದೆ, ಎಷ್ಟು ಚುರುಕಾಗಿ! ಇನ್ನೇನು ಸಾಕ್ಷಿ ಬೇಕು ಕಂಟ್ರೋಲ್ ರೂಮಿನವರಿಗೆ?

ಸಂಜೆ ಮನೆಯಲ್ಲಿ ಇವರಿಗೆ ಎಲ್ಲ ಹೇಳಿದೆ. ಪತ್ರಿಕೆಯ ಹಿಂದಿನಿಂದ "ಹೂಂ" ಅಂದರು. ಮತ್ತಷ್ಟು ಹೇಳಿದೆ. ಮತ್ತೆ "ಹೂಂ". ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಗಂಡನ ಮುಖಕ್ಕಿಂತ ಪತ್ರಿಕೆಯ ಹಿಂಬದಿಯನ್ನೇ ಹೆಚ್ಚು ನೋಡಿದ್ದೇನೆ. ಒಂದೇ ಪುಟವನ್ನು ಮುಕ್ಕಾಲು ಗಂಟೆ ಹಿಡಿದು ಕೂತಿದ್ದರು. ಅದರಲ್ಲಿ ಅಷ್ಟು ಓದುವಂಥದ್ದು ಏನಿತ್ತೋ.

ಜುಲೈ ೯, ಬುಧವಾರ

ನಮ್ಮ ಮ್ಯಾನೇಜರಿಗೆ ಆಫೀಸಿನಲ್ಲಿ 'ಹಸಿರು ದೊರೆ' ಎಂದು ಹೆಸರು. ಗೋಡೆಯ ಮೇಲೆ ಹಳದಿ ಕಂಡರೆ ಅವನಿಗೆ ಊಟ ಸೇರುವುದಿಲ್ಲ. ಬೆಳಿಗ್ಗೆಯೇ ಕರೆದು ಕೂರಿಸಿಕೊಂಡು, ವರದಿಗೆ ಮೂರು ವಾಕ್ಯ ಸಾಕು ಅಂದ. ಸಂದೇಶ ಹೊರಟಿದೆ. ಆರನೇ ಪೆಟ್ಟಿಗೆಗೆ ಸೇರಿದೆ. ಸೇರಿದ್ದಕ್ಕೆ ಉತ್ತರ ಬಂದಿದೆ. ಮೂರೂ ನಿಜ. ಸಹಿ ಹಾಕಿದೆ, ಪೆನ್ನಿನ ಮೊನೆ ಕಾಗದವನ್ನೇ ಹರಿಯುವಷ್ಟು ಒತ್ತಿ.

ಕಂಟ್ರೋಲ್ ರೂಮಿನವರು ಇನ್ನೊಂದು ವಿಷಯ ಹೇಳಿದರು. ಆರನೇ ಮನೆಯ ಸೈರನ್ನಿಗೆ ಗಾಳಿ ಹೋಗುವ ರಬ್ಬರ್ ಪೈಪಿಗೆ ಅಲ್ಲಿನ ಕಾವಲುಗಾರ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿದ್ದಾನಂತೆ. ತಿಂಗಳ ಪರೀಕ್ಷೆಯ ಸದ್ದು ತಡೆಯಲಾರದೆ ಮುದುಕ ಸೈರನ್ನಿನ ಕತ್ತು ಹಿಸುಕಿದ್ದಾನೆ ಎನ್ನುವುದು ಅವರ ಲೆಕ್ಕಾಚಾರ. ನೀರಿಗಿಳಿದು ಆ ಹೆಂಗಸನ್ನು ಎಳೆದು ತಂದವನೂ ಅವನೇ ಅಂತೆ. ತರಲಿ. ಮನೆಗೆ ಬೆಂಕಿ ಇಟ್ಟವನೇ ಕೊಡ ಹಿಡಿದು ಓಡಿ ಬಂದರೆ ಅವನಿಗೆ ಹಾರ ಹಾಕಬೇಕೇ?

ಕಾಯುವವನೇ ಹೀಗೆ ಮಾಡಿದರೆ ಸರ್ವರ್ ಏನು ಮಾಡೀತು.

ಜುಲೈ ೧೧, ಶುಕ್ರವಾರ

ಆ ಕಾವಲುಗಾರನನ್ನು ಅಮಾನತಿನಲ್ಲಿಟ್ಟಿದ್ದಾರೆ. ಇಪ್ಪತ್ತೊಂದಕ್ಕೆ ವಿಚಾರಣೆ. ಅಲ್ಲಿ ತಪ್ಪು ಅವನದೆಂದಾದರೆ ಕೆಲಸವೂ ಹೋಯಿತು, ಪಿಂಚಣಿಯೂ ಹೋಯಿತು.

ಮಧ್ಯಾಹ್ನ ನನ್ನ ಮೊಬೈಲಿಗೆ ನಾಲ್ಕು ಸಲ ಕರೆ ಬಂತು. ನನ್ನ ಫೋನಿನಲ್ಲಿ ಅವನ ಹೆಸರು 'ಆರು'. ಒಂದರಿಂದ ಏಳರವರೆಗೆ ಎಲ್ಲ ಕಾವಲುಗಾರರನ್ನೂ ನಾವು ಸಂಖ್ಯೆಯಿಂದಲೇ ಕರೆಯುವುದು. ನಾನು ಎತ್ತಲಿಲ್ಲ. ಅಳು ಕೇಳಲು ನನಗೆ ಪುರುಸೊತ್ತಿಲ್ಲ.

ತಿಂಡಿ ತಿನ್ನುವಾಗ ಇವರು ಮುಂದಿನ ಗುರುವಾರ ಮಧ್ಯಾಹ್ನ ಒಂದು ಗಂಟೆ ಬಿಡುವಾಗುತ್ತದೆಯೇ ಎಂದು ಏನೋ ಕೇಳುತ್ತಿದ್ದರು. ನಾನು ವಿಚಾರಣೆಯ ಬಗ್ಗೆ ಯೋಚಿಸುತ್ತಿದ್ದೆ. ಹೂಂ ಹೂಂ, ನೋಡೋಣ ಅಂದೆ.

ಜುಲೈ ೧೨, ಶನಿವಾರ

ಮತ್ತೆ ಆರು. ಮೂರು ಸಲ. ಎತ್ತಲಿಲ್ಲ.

ಮೇಜಿನ ಮೇಲಿನ ಕವನಸಂಕಲನದಲ್ಲಿ ಗುರುತಿಗಿಟ್ಟ ಚೀಟಿ ಹತ್ತು ದಿನದಿಂದ ಅದೇ ಪುಟದಲ್ಲಿದೆ. ತೆರೆದೆ. ಎರಡು ಸಾಲು ಓದಿ, ಇಂಥ ಮೆತ್ತಗಿನ ಮಾತು ಬರೆಯುವವರ ಮೇಲೂ ಸಿಟ್ಟು ಬಂದು ಮುಚ್ಚಿಟ್ಟೆ.

ಜುಲೈ ೧೪, ಸೋಮವಾರ

ಆರನೇ ಮನೆಗೆ ಹೋಗಿದ್ದೆ. ಪೆಟ್ಟಿಗೆಯನ್ನು ಪರೀಕ್ಷಿಸುವುದು ನೆಪ, ಆ ಮುದುಕನಿಗೆ ಎರಡು ಮಾತು ಅನ್ನಬೇಕೆನ್ನುವುದೇ ನಿಜವಾದ ಉದ್ದೇಶ. ಅಮಾನತಿನಲ್ಲಿದ್ದರೂ ಅವನು ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂತಿದ್ದ. ಬದಲಿಗೆ ಬಂದವನಿಗೆ ಹೊಳೆಯ ಗುಣ ಗೊತ್ತಿಲ್ಲವಂತೆ, ಅದಕ್ಕೆ.

"ಪ್ರೋಗ್ರಾಂ ಮೇಡಂ ನೀವೇನಾ?" ಅಂದ. "ದನಿ ಕೇಳಿದ್ದೆ, ಮುಖ ಇವತ್ತು ನೋಡ್ದೆ."

ಪೈಪಿಗೆ ಟ್ಯೂಬ್ ಯಾಕೆ ಕಟ್ಟಿದಿರಿ ಎಂದು ನೇರವಾಗಿಯೇ ಕೇಳಿದೆ.

"ಬಿರುಕು ಬಿಟ್ಟಿತ್ತಲ್ಲ ಮೇಡಂ. ಗಾಳಿ ಸೋರಿ ಸೈರನ್ ಕೂಗೋ ಬದ್ಲು ಕೆಮ್ತಿತ್ತು, ನನ್ ಥರಾನೇ. ನಿಮಗೆ ಎರಡು ಸಲ ಫೋನ್ ಮಾಡಿ ಹೇಳಿದ್ನಲ್ಲ."

"ನನಗಾ?"

"ಹೂಂ ಮತ್ತೆ. ನೀವು ಎರಡು ಸಲಾನೂ, ಹೂಂ ಹೂಂ, ನಮ್ ಕಡೆ ಹಸಿರಿದೆ, ನೋಡ್ತೀನಿ ಅಂದ್ರಿ. ಓದಿದೋರು ಹಸಿರಿದೆ ಅಂದ್ಮೇಲೆ ಸರಿ ಇರ್ಬೇಕು ಅಂತ ನಾನೂ ಸುಮ್ನಾದೆ. ಆದ್ರೂ ಮನಸ್ಸು ತಡೀಲಿಲ್ಲ. ಹಳೇ ಟ್ಯೂಬ್ ಕತ್ತರಿಸಿ ಸುತ್ತಿದೆ. ಅವತ್ತು ಗಾಳಿ ನುಗ್ಗಿದ ರಭಸಕ್ಕೆ ಅದೂ ಬಿಚ್ಕೊಂಡು ಜೋತುಬಿತ್ತು."

ಸುಳ್ಳು ಅಂದೆ. ಅವನಿಗೆ ಸಿಟ್ಟು ಬರಲಿಲ್ಲ, ಅದು ನನ್ನನ್ನು ಇನ್ನಷ್ಟು ಉರಿಸಿತು. ನಿಮ್ಮ ಫೋನಿನಲ್ಲೇ ಇರುತ್ತದೆ ನೋಡಿ ಎಂದು ಹೇಳಿ ಹೊಳೆಯ ಕಡೆ ತಿರುಗಿ ಕೂತ.

ವಾಪಸು ಬರುವಾಗ ಬಸ್ಸಿನಲ್ಲಿ ನೋಡಿದೆ. ಜೂನ್ ೩, ಮೂರು ನಿಮಿಷ. ಜೂನ್ ೧೯, ನಲವತ್ತೆಂಟು ಸೆಕೆಂಡು.

ಏನು ಮಾತಾಡಿದೆನೋ ಒಂದಕ್ಷರವೂ ನೆನಪಿಲ್ಲ. ಇರಲಿ. ಸೈರನ್ ಕೆಮ್ಮಿದರೂ ಹೂಂ ಬಂದಿದೆಯಲ್ಲ, ಅದು ಹೇಗೆ? ಕೂಗದಿದ್ದರೆ ಹೂಂ ಬರಬಾರದು. ಹಾಗೆಯೇ ಬರೆದಿದ್ದೇನೆ ನಾನು. ಅವನೇ ಏನೋ ಮುಚ್ಚಿಡುತ್ತಿದ್ದಾನೆ.

ಜುಲೈ ೧೫, ಮಂಗಳವಾರ

ಸಂಜೆ ಅದೇ ಮಾತನ್ನು ಇವರ ಮುಂದೆ ಮೂರನೇ ಸಲ ಹೇಳುತ್ತಿದ್ದೆ. ಪತ್ರಿಕೆಯ ಹಿಂದಿನಿಂದ "ಹೂಂ". ನನ್ನ ಸಿಟ್ಟು ನೆತ್ತಿಗೇರಿತು. ದಯವಿಟ್ಟು ಹೂಂ ಅನ್ನಬೇಡಿ, ಗೋಡೆಗೆ ಹೇಳಿದ್ದರೂ ಇಷ್ಟು ಹೊತ್ತಿಗೆ ಕೇಳಿಸಿಕೊಳ್ಳುತ್ತಿತ್ತು ಎಂದು ಕೂಗಿದೆ. ಇವರು ಪತ್ರಿಕೆ ಕೆಳಗಿಳಿಸಿದರು.

"ಏಪ್ರಿಲ್‌ನಲ್ಲಿ ಒಂದು ಸಾಲು ಮೇಲಕ್ಕೆ ಹಾಕಿದೆ ಅಂದಿದ್ದೆಯಲ್ಲ, ಅದನ್ನ ಮತ್ತೆ ಕೆಳಗಿಳಿಸಿದೆಯಾ?"

"ಯಾವ ಸಾಲು?"

"ಹೂಂ ಅನ್ನೋ ಸಾಲು. ದೊಡ್ಡ ಅಧಿಕಾರಿಗಳು ನೋಡೋಕೆ ಬರ್ತಾರೆ, ಸೈರನ್ನಿಗೆ ಗಾಳಿ ತುಂಬೋಕೆ ಐದು ಸೆಕೆಂಡ್ ಬೇಕು, ಅಷ್ಟು ಹೊತ್ತು ಹಳದಿ ತೋರಿಸೋದು ಹೇಗೆ ಅಂತ ನಿಮ್ಮ ದೊರೆ ಕುಣಿದ ಅಂದೆ. ಕೂಗಿದ ಮೇಲೆ ಅನ್ನಬೇಕಾದ ಹೂಂನ ಕೂಗೋಕೆ ಮುಂಚೇನೇ ಅನ್ನೋ ಹಾಗೆ ಮಾಡಿದೆ, ಒಂದು ದಿನದ ಮಟ್ಟಿಗೆ ಅಂತ. ಅವತ್ತು ತಟ್ಟೆ ಕುಕ್ಕಿದ್ದೆ ನೀನು, ನೆನಪಿಲ್ವಾ? ಅಂಚು ಇನ್ನೂ ಸೊಟ್ಟ ಇದೆ."

ಲ್ಯಾಪ್‌ಟಾಪ್ ತಂದು ಇವರ ಮುಂದೆಯೇ ತೆರೆದೆ. ಎಲ್ಲಿ ತೋರಿಸಿ, ಯಾವ ಸಾಲು ಅಂದೆ. ನೀನೇ ಓದು ಅಂದರು. ಓದಿದೆ.

ಇದೆ. ಪೆಟ್ಟಿಗೆಯ ಪ್ರೋಗ್ರಾಂನಲ್ಲಿ 'ಹೂಂ ಕಳಿಸು' ಎನ್ನುವ ಸಾಲು 'ಸೈರನ್ ಕೂಗಿಸು' ಎನ್ನುವುದಕ್ಕಿಂತ ಮೇಲಿದೆ. ಪೈಪಿನಲ್ಲಿ ಗಾಳಿಯ ಒತ್ತಡ ಏರಿತೇ ಎಂದು ನೋಡಿ ಆಮೇಲೆ ಹೂಂ ಅನ್ನಬೇಕಾಗಿದ್ದ ಪೆಟ್ಟಿಗೆ, ಸಂದೇಶ ಕಿವಿಗೆ ಬಿದ್ದ ಕೂಡಲೇ ಹೂಂ ಅಂದು, ಆಮೇಲೆ ಸೈರನ್ನಿನ ಕಡೆ ತಿರುಗುತ್ತಿತ್ತು. ಪಕ್ಕದಲ್ಲಿ ನನ್ನದೇ ಟಿಪ್ಪಣಿ: ಪ್ರದರ್ಶನಕ್ಕೆ ಮಾತ್ರ, ನಾಳೆ ವಾಪಸ್. ಏಪ್ರಿಲ್ ೨೧.

ಸಾಲು ಸ್ಥಳ ಬಿಟ್ಟರೆ ಪದ್ಯ ಸುಳ್ಳಾಗುತ್ತದೆ ಎಂದು, ಪ್ರೋಗ್ರಾಂ ಕಲಿಯುವ ಮೊದಲು, ಕನ್ನಡ ಎಂ.ಎ. ಪರೀಕ್ಷೆಯಲ್ಲಿ ಆರು ಪುಟ ಬರೆದು ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವಳು ನಾನು.

ಒಂದು ಸೆಕೆಂಡಿನಲ್ಲಿ ಬಂದ ಹೂಂ. ಎಂಟನೇ ತಾರೀಖು ಇದೇ ಪುಸ್ತಕದಲ್ಲಿ ಬರೆದು ಹಿಗ್ಗಿದ್ದೇನೆ. ಗಾಳಿ ತುಂಬಲು ಐದು ಸೆಕೆಂಡು ಬೇಕೆಂದು ಬಲ್ಲವಳು ಹಿಗ್ಗಿದ್ದೇನೆ.

ಜುಲೈ ೧೬, ಬುಧವಾರ

ದೊರೆಗೆ ಹೇಳಿದೆ. ಅವನು ಕುರ್ಚಿಯಲ್ಲಿ ಹಿಂದಕ್ಕೊರಗಿ, "ಒಂದು ದಿನಕ್ಕೆ ಅಂತ ತಾನೇ ನಾನು ಹೇಳಿದ್ದು? ವಾಪಸ್ ಇಡೋದು ಯಾರ ಕೆಲಸ?" ಅಂದ.

ನನ್ನ ಕೆಲಸ. ಅದು ನಿಜವಾದ್ದರಿಂದಲೇ ಅವನ ಮುಖಕ್ಕೆ ಹೊಡೆಯಬೇಕೆನಿಸಿತು.

ಆಮೇಲೆ ದನಿ ಇಳಿಸಿ ಬುದ್ಧಿ ಹೇಳಿದ. ಯಾರೂ ಕೇಳಿಲ್ಲ. ಇವತ್ತೇ ಸದ್ದಿಲ್ಲದೆ ಸರಿಮಾಡಿ. ಸೋಮವಾರದ ವಿಚಾರಣೆಗೆ ನಿಮ್ಮ ಸಹಿಯ ವರದಿ ಹೋಗಿದೆ, ಅದರಲ್ಲಿ ಸುಳ್ಳು ಒಂದೂ ಇಲ್ಲ. ಮುದುಕನಿಗೆ ಹೇಗೂ ಇನ್ನು ಎಂಟು ತಿಂಗಳ ಸರ್ವಿಸು, ನಿಮಗೆ ಹತ್ತು ವರ್ಷವಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದ. ಸಾಯುತ್ತಿರುವುದು ಹಾವಲ್ಲ ಸರ್, ಅಂದೆ. ಕೇಳಿಸದವನಂತೆ ಫೋನ್ ಎತ್ತಿಕೊಂಡ.

ಸಾಲನ್ನು ಇವತ್ತೇ ಕೆಳಗಿಳಿಸಿದೆ, ನಾಳೆಯೇ ಗೇಟು ತೆರೆದರೆ? ಆದರೆ ಹಳೆಯ ಪ್ರತಿಯನ್ನು ತಾರೀಖಿನ ಸಮೇತ ಮುದ್ರಿಸಿ ಕೈಚೀಲದಲ್ಲಿಟ್ಟುಕೊಂಡೆ. ಆಮೇಲೆ ಏಳಕ್ಕೂ ಪರೀಕ್ಷೆಯ ಸಂದೇಶ ಕಳಿಸಿದೆ. ಆರನೆಯದು ಹಳದಿ. ಅದು ಗೊತ್ತಿದ್ದದ್ದೇ.

ಎರಡನೆಯದೂ ಹಳದಿ.

ಮೂರು ತಿಂಗಳಿಂದ ಅಲ್ಲಿಯೂ ಸೈರನ್ ಇರಲಿಲ್ಲವೋ ಏನೋ. ಎರಡನೇ ಮನೆಯ ಕೆಳಗೆ ದೋಣಿಗಟ್ಟೆಯಿದೆ. ಕೂಡಲೇ ಫೋನ್ ಮಾಡಿ ಇವತ್ತೇ ರಿಪೇರಿಯವರನ್ನು ಓಡಿಸಿದೆ. ನನ್ನ ಕೂಗಿಗೆ ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಂಡರು.

ಜುಲೈ ೧೮, ಶುಕ್ರವಾರ

ಆಸ್ಪತ್ರೆಗೆ ಹೋಗಿದ್ದೆ. ಆ ಹೆಂಗಸು ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದಾರೆ. ನನ್ನ ಕೈಯಲ್ಲಿನ ಚೀಲ ನೋಡಿದಳು.

"ಹಣ್ಣು ತಂದಿದೀರಾ? ಅಲ್ಲಿಡಿ. ಬಂದೋರೆಲ್ಲ ಹಣ್ಣೇ ತರ್ತಾರೆ, ಸೊಂಟ ಯಾರೂ ತರಲ್ಲ."

ನಾನು ಯಾರೆಂದು ಹೇಳಿದೆ. ಪ್ರೋಗ್ರಾಂ, ಸಾಲು ಎಂದೆಲ್ಲ ವಿವರಿಸಲು ಹೊರಟೆ. ಅವಳು ಕೈ ಅಡ್ಡ ಮಾಡಿದಳು.

"ಅದೆಲ್ಲ ನಂಗರ್ಥ ಆಗಲ್ಲಕ್ಕ. ಒಂದು ಮಾತು ಹೇಳ್ತೀನಿ ಕೇಳಿ. ಆ ಕಾವಲು ಅಣ್ಣ ಮೇಲಿಂದ ಗಂಟಲು ಹರಿಯೋ ಹಾಗೆ ಕೂಗಿದ. ನಂಗೆ ಕೇಳಿಸ್ತು. ಆದ್ರೆ ಸೈರನ್ ಕೂಗಿಲ್ವಲ್ಲ, ಇವನಿಗೇನು ಗೊತ್ತು, ಇನ್ನೊಂದು ಕಂಬಳಿ ಹಿಂಡ್ಕೊಂಡೇ ಹೋಗೋಣ ಅಂದ್ಕೊಂಡೆ. ನಿಮ್ಮ ಯಂತ್ರ ನಂಬಿ ಮನುಷ್ಯನ್ನ ನಂಬಲಿಲ್ಲ. ಈಗ ಅವನ ಕೆಲಸ ಕಿತ್ಕೋತೀರಂತೆ. ನಾಚಿಕೆ ಆಗಲ್ವಾ?"

ಆಗುತ್ತದೆ ಅಂದೆ. ಹಾಗಾದ್ರೆ ಇಲ್ಲಿ ಯಾಕೆ ನಿಂತಿದೀರಿ, ಅಲ್ಲಿ ಹೋಗಿ ಹೇಳಿ ಅಂದಳು.

ನಿನ್ನೆ ಮಧ್ಯಾಹ್ನ ಮನೆಗೆ ಬಂದಾಗ ಇವರಿರಲಿಲ್ಲ. ನಾಲ್ಕಕ್ಕೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು, ಮುಖಕ್ಕೊಂದು ಕಪ್ಪು ಕನ್ನಡಕ. ಐವತ್ತನಾಲ್ಕಕ್ಕೆ ಇದೇನು ಹೊಸ ಶೋಕಿ ಎಂದುಕೊಂಡೆ. ಕೇಳುವ ಮನಸ್ಸಿರಲಿಲ್ಲ.

ಜುಲೈ ೨೧, ಸೋಮವಾರ

ಹೇಳಿದೆ.

ಉದ್ದನೆಯ ಮೇಜು, ಒಂದು ತುದಿಗೆ ವಿಚಾರಣಾಧಿಕಾರಿ, ನನ್ನ ಪಕ್ಕದಲ್ಲಿ ದೊರೆ. ಕಾವಲುಗಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೋಡೆಗೆ ಒರಗದೆ ನಿಂತಿದ್ದ. ಕೂರಿ ಎಂದು ಯಾರೂ ಅನ್ನಲಿಲ್ಲ. ನಾನು ನನ್ನ ಕುರ್ಚಿಯನ್ನು ಅವನ ಕಡೆ ತಳ್ಳಿ ನಿಂತೇ ಮಾತಾಡಿದೆ. ಕೈಚೀಲದಿಂದ ಹಳೆಯ ಪ್ರತಿ ತೆಗೆದು ಮೇಜಿನ ಮೇಲಿಟ್ಟೆ. ಜೂನ್‌ನ ಎರಡು ಫೋನ್ ಕರೆಗಳನ್ನೂ ತೋರಿಸಿದೆ. ನನ್ನ ದನಿ ಏರುತ್ತಿತ್ತು, ಯಾರ ಮೇಲೆ ಎಂದು ನನಗೇ ಗೊತ್ತಾಗಲಿಲ್ಲ.

ಅಧಿಕಾರಿ ವರದಿಯನ್ನು ಎತ್ತಿ ಹಿಡಿದರು. "ಈ ಸಹಿ ನಿಮ್ಮದೇ ತಾನೇ?"

"ನನ್ನದೇ. ಮೂರು ವಾಕ್ಯವೂ ನಿಜ. ಒಟ್ಟು ಸೇರಿಸಿದರೆ ಸುಳ್ಳು."

ದೊರೆ ಮೇಜಿನ ಮೇಲಿನ ಗಾಜಿನಲ್ಲಿ ತನ್ನ ಮುಖವನ್ನೇ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಸಾಲಿನಲ್ಲಿ ನಾನಿದ್ದೆ, ಅವನು ಆ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

ಕಾವಲುಗಾರ ನಾಳೆಯಿಂದ ಕೆಲಸಕ್ಕೆ. ನಾನು ಏಳೂ ಪೆಟ್ಟಿಗೆಗಳನ್ನು ಸರಿಮಾಡಿಕೊಟ್ಟು ತಿಂಗಳ ಕೊನೆಗೆ ಕೆಲಸದಿಂದ ಹೊರಗೆ. ವಿಚಾರಣೆಯ ಕೋಣೆಯಿಂದ ಬಂದಾಗ ಅವನು ಕೈಮುಗಿಯುತ್ತಾನೇನೋ ಎಂದು ಹೆದರಿದ್ದೆ. ಇಲ್ಲ. "ಫೋನ್ ಎತ್ತಿದ್ರೆ ಇಷ್ಟು ದೂರ ಬರೋದು ತಪ್ತಿತ್ತು ಮೇಡಂ" ಅಂದ. ಅಷ್ಟೇ.

ಮನೆಯಲ್ಲಿ ಇವರಿಗೆ ಹೇಳಿ ಮುಗಿಸಿದ ಮೇಲೆ, ಗುರುವಾರ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ.

"ಕಣ್ಣಿನ ಡಾಕ್ಟರ ಹತ್ರ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಎರಡು ತಿಂಗಳಿಂದ ಅಕ್ಷರ ಕಾಣ್ತಿಲ್ಲ. ಹೇಳಿದ್ನಲ್ಲ, ನೀನು ಹೂಂ ಅಂದೆ."

"ಮತ್ತೆ ಈ ಪತ್ರಿಕೆ ಯಾಕೆ ಹಿಡಿದು ಕೂರ್ತೀರಿ?"

"ಇದು ಅಡ್ಡ ಇದ್ರೆ ನೀನು ಧಾರಾಳವಾಗಿ ಮಾತಾಡ್ತೀಯ. ಮುಖ ಕಂಡ್ರೆ ಜಗಳಕ್ಕೆ ಬರ್ತೀಯ."

ಇವರ ಮೇಲೂ ಸಿಟ್ಟು ಬಂತು. ಎರಡು ಸಲ ಗಟ್ಟಿಯಾಗಿ ಹೇಳುವುದಕ್ಕೇನಾಗಿತ್ತು? ತುಂಬ ಹೊತ್ತು ಸೊಟ್ಟ ಅಂಚಿನ ತಟ್ಟೆಯನ್ನು ತಿಕ್ಕಿ ತಿಕ್ಕಿ ತೊಳೆದೆ.

ಜುಲೈ ೨೯, ಮಂಗಳವಾರ

ಆರನೇ ಮನೆಯ ಕೊನೆಯ ಪರೀಕ್ಷೆ ಇವತ್ತು. ಹೊಸ ಪೈಪ್ ಹಾಕಿದ್ದಾರೆ. ಸಾಲನ್ನು ಅದರ ಜಾಗಕ್ಕೆ ಇಳಿಸಿದ್ದಲ್ಲದೆ ಇನ್ನೊಂದು ಕೆಲಸ ಮಾಡಿದ್ದೇನೆ: ಗಾಳಿಯ ಒತ್ತಡ ಏರಿದರೆ ಸಾಲದು, ಕಾವಲುಗಾರ ಪೆಟ್ಟಿಗೆಯ ಮೇಲಿನ ಗುಂಡಿಯನ್ನು ಕೈಯಾರೆ ಒತ್ತಬೇಕು, ಆಮೇಲೆಯೇ ಹೂಂ. ದೊರೆ ಬೇಡವೆಂದು ಎಗರಾಡಿದ. ತಿಂಗಳ ಕೊನೆಗೆ ಹೋಗುವವಳ ಮೇಲೆ ಎಗರಾಡಿ ಏನು ಮಾಡುತ್ತಾನೆ.

ಹತ್ತೂ ಕಾಲಿಗೆ ಸರ್ವರ್ ಸಂದೇಶ ಕಳಿಸಿತು. ಐದು ಸೆಕೆಂಡು. ಆಮೇಲೆ ಸೈರನ್ ಕೂಗಿದ ಕೂಗಿಗೆ ನನ್ನ ಎದೆಯ ಗೂಡು ಅದುರಿತು. ನಿಂತ ಮೇಲೆ, ಒತ್ತಿ ಅಂದೆ. ಮುದುಕ ಒತ್ತಲಿಲ್ಲ. ಚಪ್ಪಲಿ ಮೆಟ್ಟಿಕೊಂಡ.

"ಸ್ವಲ್ಪ ಇರಿ ಮೇಡಂ. ನಾವು ಸೈರನ್ ಬುಡದಲ್ಲೇ ಇದೀವಿ, ನಮಗೆ ಕೇಳದೆ ಇರತ್ತಾ? ಒಗೆಯೋರಿಗೆ ಕೇಳ್ತಾ ಅಂತ ನೋಡ್ಕೊಂಡು ಬರ್ತೀನಿ."

ಇಳಿದು ಹೋದ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು, ಅವಸರವಿಲ್ಲದೆ. ನನ್ನ ಫೋನು ಹೊಡೆದುಕೊಳ್ಳತೊಡಗಿತು. ಕಂಟ್ರೋಲ್ ರೂಮಿನಿಂದ ದೊರೆ. ಆರನೆಯದು ಹಳದಿ ತೋರಿಸುತ್ತಿದೆ, ಅಧಿಕಾರಿ ಪಕ್ಕದಲ್ಲೇ ನಿಂತಿದ್ದಾರೆ, ಏನು ಮಾಡುತ್ತಿದ್ದೀರಿ ಎಂದು ಹಲ್ಲು ಕಚ್ಚಿಕೊಂಡು ಕೇಳಿದ. ಅವರೂ ಹಳದಿ ನೋಡಲಿ ಸರ್ ಅಂದೆ. ಪೆಟ್ಟಿಗೆಯ ಮೇಲೆ ಗುಂಡಿ ಇದೆಯಲ್ಲ, ನೀವೇ ಒತ್ತಿಬಿಡಿ ಅಂದ. ಅದು ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು. ಹಿಂದೊಮ್ಮೆ ಒಂದು ಸಾಲನ್ನು ಎತ್ತಿಟ್ಟದ್ದೂ ಇಷ್ಟೇ ಸುಲಭದಲ್ಲಿ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಕೆಳಗೆ ಅವನು ಒಬ್ಬೊಬ್ಬರ ಹತ್ತಿರವೂ ನಿಂತು ಕೇಳುವುದು ಕಾಣುತ್ತಿತ್ತು. ಕೊನೆಯ ಕಲ್ಲಿನ ಹತ್ತಿರ ಹೆಚ್ಚು ಹೊತ್ತು ನಿಂತ, ಏನೋ ಮಾತಾಡಿ ನಕ್ಕ. ಹನ್ನೊಂದು ನಿಮಿಷದ ಮೇಲೆ ಏದುಸಿರು ಬಿಡುತ್ತಾ ಹತ್ತಿ ಬಂದ. ಎಲ್ಲರಿಗೂ ಕೇಳಿಸಿದೆಯಂತೆ, ಕೊನೆಯ ಕಲ್ಲಿನ ಮುದುಕಿಗೂ ಸಹ. ಇನ್ನು ಮೇಲೆ ಇಷ್ಟು ಕಿರುಚಿದರೆ ಬಟ್ಟೆಯನ್ನು ನಿನ್ನ ಮುಖಕ್ಕೇ ಒಗೆಯುತ್ತೇನೆ ಅಂದಳಂತೆ.

ಆಮೇಲೆ ಹೆಬ್ಬೆರಳಿನಿಂದ ಗುಂಡಿ ಒತ್ತಿದ.

ಅವನ ಹೆಸರನ್ನು ಕೇಳಿ ತಿಳಿದುಕೊಂಡೆ. ಫೋನಿನಲ್ಲಿ 'ಆರು' ಅಳಿಸಿ ಅದನ್ನು ಬರೆದೆ. ದೊರೆಯ ಕರೆ ಮತ್ತೆ ಎರಡು ಸಲ ಬಂತು. ಹಸಿರಾಗಿದೆ ಎಂದು ಹೇಳುವುದಕ್ಕಿರಬೇಕು.

ನಾಳೆ ಬೆಳಿಗ್ಗೆ ಎಂಟಕ್ಕೆ ಇವರ ಬಲಗಣ್ಣಿನ ಶಸ್ತ್ರಚಿಕಿತ್ಸೆ. ಡಾಕ್ಟರು ಹೇಳಿದ್ದನ್ನೆಲ್ಲ ಒಂದೊಂದಾಗಿ ಕೇಳಿ ಬರೆದುಕೊಂಡಿದ್ದೇನೆ. ಸಂಜೆ ಇವರು ಅಭ್ಯಾಸಬಲದಿಂದ ಪತ್ರಿಕೆಗೆ ಕೈ ಚಾಚಿದಾಗ ಕಿತ್ತುಕೊಂಡು, ಬಿಡಿ ನಾನೇ ಓದುತ್ತೇನೆ ಎಂದು ಗದರಿದೆ. ಮೊದಲ ಪುಟ ಪೂರ್ತಿ ಓದಿದೆ. ಪ್ರತಿ ಸುದ್ದಿಗೂ ಇವರು ಹೂಂ ಅನ್ನುತ್ತಿದ್ದರು. ಎರಡನೆಯ ಪುಟದ ನಡುವೆ, ಯಾವುದೋ ಸೇತುವೆಯ ರಿಪೇರಿಯ ಸುದ್ದಿಯಲ್ಲಿ, ಹೂಂ ನಿಂತಿತು.

ಸೇತುವೆಯನ್ನು ಅಲ್ಲೇ ಬಿಟ್ಟು, ಸದ್ದಾಗದಂತೆ ಪತ್ರಿಕೆ ಮಡಿಸಿ, ದೀಪ ಆರಿಸಿ ಬಂದೆ.